ಮೊಣಕೈ ಹಿಂದಿನ ಒಂದು

ಪಲ್ಮಾರೆಸ್ ಮೇಷ್ಟ್ರು ಆ ಬೆಳಿಗ್ಗೆ ಬಿಸಿ ಬ್ರೆಡ್ಡು ಕಟ್ಟಿಸಿಕೊಂಡು ಸುಮ್ಮನೆ ಮನೆಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬೇಕರಿಯ ಮುಂದಿನ ಬೆಂಚಿನ ಮೇಲೆ ಕಾಪಿತಾನ್ ರುಸ್ತಿಕೊ ತಲೆ ಕೆರೆದುಕೊಳ್ಳುತ್ತ ಕೂತಿದ್ದ. ಇನ್ನೊಬ್ಬರು ತಲೆ ಕೆರೆದುಕೊಳ್ಳುವುದನ್ನು ಕಂಡರೆ ಮೇಷ್ಟ್ರಿಗೆ ತಡೆಯಲಾಗುವುದಿಲ್ಲ. ಅದು ಬಹಳ ವರ್ಷ ಲೆಕ್ಕದ ಪಾಠ ಹೇಳಿದವರಿಗೆ ಅಂಟುವ ರೋಗ. ಇರಲಾರದೆ ಇರುವೆ ಬಿಟ್ಟುಕೊಂಡರು.

“ಏನ್ ಕಾಪಿತಾನ್, ಬೆಳಿಗ್ಗೆನೇ ಯೋಚನೆ?” ಅಂದರು.

ಯೋಚನೆ ದೊಡ್ಡದೇ. ತಲುಸಾನ್ ಊರಿನ ಕಾಪಿತಾನ್ ಪಟ್ಟಕ್ಕೆ, ಅಂದರೆ ಊರ ಯಜಮಾನಿಕೆಗೆ, ಮುಂದಿನ ತಿಂಗಳು ಚುನಾವಣೆ. ಬಹುಕಾಲದಿಂದ ಆ ಪಟ್ಟದ ಮೇಲೆ ಕೋಳಿ ಕಾವು ಕೂತ ಹಾಗೆ ಕೂತಿದ್ದ ರುಸ್ತಿಕೊಗೆ ಈ ಸಲ ಎದುರಾಳಿ ಹುಟ್ಟಿಕೊಂಡಿದ್ದ, ಐಸ್ ಫ್ಯಾಕ್ಟರಿಯ ತೆರ್ಯೊ. ಆ ಸಂಜೆ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಹೊಸದಾಗಿ ಹೊದಿಸಿದ ತಗಡಿನ ಮಾಡಿನ ಉದ್ಘಾಟನೆ ಇತ್ತು. ಕಂಬ ಸರ್ಕಾರದ್ದು, ತಗಡು ಸರ್ಕಾರದ್ದು, ಮೊಳೆಯೂ ಸರ್ಕಾರದ್ದು; ಹಾಗಾಗಿ ಅದರ ಮುಂದೆ ದೊಡ್ಡ ಫ್ಲೆಕ್ಸಿನಲ್ಲಿ ರುಸ್ತಿಕೊನ ಮುಖ ಇರಬೇಕಾದ್ದು ನ್ಯಾಯವೇ. ತೊಡಕೆಂದರೆ, ಶಾಲೆಯ ಒಳಗೆ ವೋಟು ಕೇಳುವ ಹಾಗಿರಲಿಲ್ಲ.

“ಮುಖ ಹಾಕ್ಬೋದಂತೆ, ಮಾತು ಹಾಕೋ ಹಾಗಿಲ್ವಂತೆ ಸರ್. ಬರೀ ಮುಖ ನೋಡಿ ಯಾರು ವೋಟ್ ಹಾಕ್ತಾರೆ, ನೀವೇ ಹೇಳಿ.”

ಮೇಷ್ಟ್ರು ಆ ಮುಖವನ್ನು ಒಮ್ಮೆ ನೋಡಿದರು. ಮಾತು ನಿಜ ಅನ್ನಿಸಿತು.

“ಒಗ್ಗಟ್ಟು ಅನ್ನೋ ಥರ ಏನಾದ್ರೂ ಬೇಕು,” ಕಾಪಿತಾನ್ ಮುಂದುವರಿಸಿದ. “ಆದ್ರೆ ಒಗ್ಗಟ್ಟು ಅಂತ ಬರೆಯೋಕಾಗಲ್ಲ. ತೆರ್ಯೊ ಆಗ್ಲೇ ತನ್ನ ಐಸ್ ಗಾಡಿ ಮೇಲೆಲ್ಲ ಬರೆಸ್ಬಿಟ್ಟಿದಾನೆ.”

ಆಗ ಮೇಷ್ಟ್ರು ಬಾಯಿ ಬಿಟ್ಟರು. “ಒಂದು ಸಂಖ್ಯೆ ಇದೆ ಕಾಪಿತಾನ್. ಸಾಲಾಗಿ ಹತ್ತೊಂಬತ್ತು ಒಂದು. ಬೇರೆ ಅಂಕಿನೇ ಇಲ್ಲ. ಅದು ಅವಿಭಾಜ್ಯ. ತನ್ನಿಂದ, ಇಲ್ಲಾ ಒಂದರಿಂದ, ಇವೆರಡು ಬಿಟ್ರೆ ಇನ್ಯಾವ ಸಂಖ್ಯೆಯಿಂದಲೂ ಅದನ್ನ ಭಾಗಿಸೋಕಾಗಲ್ಲ. ಒಡೆಯೋನೇ ಹುಟ್ಟಿಲ್ಲ ಅನ್ನಿ. ಎಡದಿಂದ ಓದಿದ್ರೂ ಅದೇ, ಬಲದಿಂದ ಓದಿದ್ರೂ ಅದೇ.”

“ಬರೀ ಒಂದೇನಾ?”

“ಬರೀ ಒಂದು.”

“ಮಧ್ಯೆ ಎಲ್ಲೂ ಮೂರು ಬರಲ್ವಾ?”

“ಬರಲ್ಲ.”

ಕಾಪಿತಾನ್ ಕಾಫಿ ಲೋಟ ಕೆಳಗಿಟ್ಟ. ಮತಪತ್ರದಲ್ಲಿ ಅವನ ಕ್ರಮಸಂಖ್ಯೆ ಒಂದು. ತೆರ್ಯೊನದು ಮೂರು. ಎರಡನೆಯವನೊಬ್ಬ ನಿಂತಿದ್ದಾನೆಂಬುದು ಆ ಎರಡನೆಯವನ ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ.

“ಅಂದ್ರೆ ಒಂದು, ಒಂದು, ಒಂದು ಅಂತ ಶಾಲೆ ಒಳಗೇ ಬರೆಸ್ಬೋದು. ಯಾರಾದ್ರೂ ಕೇಳಿದ್ರೆ?”

“ಕೇಳೋಕೇನಿದೆ. ಅದು ಗಣಿತ.”

“ಗಣಿತ,” ಎಂದ ಕಾಪಿತಾನ್, ಸುಟ್ಟ ಹಂದಿಯ ಗರಿಗರಿ ಚರ್ಮ ಜಗಿಯುವವನ ಹಾಗೆ ಆ ಮಾತಿನ ರುಚಿ ನೋಡುತ್ತ.

“ಆದ್ರೆ ಹತ್ತೊಂಬತ್ತೇ ಇರ್ಬೇಕು,” ಮೇಷ್ಟ್ರು ಎಚ್ಚರಿಸಿದರು. “ಎರಡು ಒಂದು ಇಟ್ರೆ ಹನ್ನೊಂದು, ಅದು ಒಡೆಯಲ್ಲ. ಆಮೇಲೆ ಮೂರು ಇಟ್ಟರೂ ಒಡೆಯುತ್ತೆ, ನಾಲ್ಕು ಇಟ್ಟರೂ ಒಡೆಯುತ್ತೆ, ಹೀಗೇ ಹದಿನೆಂಟರ ತನಕ ಎಲ್ಲಾ ಪುಡಿಪುಡಿ. ಹತ್ತೊಂಬತ್ತಕ್ಕೆ ಮತ್ತೆ ಗಟ್ಟಿ. ಅದಾದ್ಮೇಲೆ ಇಪ್ಪತ್ತಮೂರು.”

“ಇಪ್ಪತ್ತಮೂರಕ್ಕೆ ಜಾಗ ಸಾಲಲ್ಲ ಸರ್. ನನ್ನ ಮುಖ ಇದೆ.”

ಮೇಷ್ಟ್ರ ಈ ಪರೋಪಕಾರದ ಹಿಂದೆ ಸ್ವಂತದ್ದೂ ಒಂದಿಷ್ಟಿತ್ತು. ಉದ್ಘಾಟನೆಗೆ ಬರಲಿದ್ದವರು ಶಿಕ್ಷಣ ಕಚೇರಿಯ ಮೇಲಧಿಕಾರಿ ಡಾಕ್ಟರ್ ಹಲಂದೋನಿ. ಗಣಿತದಲ್ಲೇ ಡಾಕ್ಟರಾದ ಹೆಂಗಸು; ಮದುವೆ ಊಟಕ್ಕೆ ಹೋದರೂ ಕುರ್ಚಿ ಎಣಿಸಿಯೇ ಕೂರುವವರು. ಇಲೊಯ್ಲೊ ಪೇಟೆಯ ಅವರ ಕಚೇರಿಯಲ್ಲಿ ಗಣಿತ ಸಂಯೋಜಕರ ಹುದ್ದೆ ಖಾಲಿ ಬಿದ್ದಿತ್ತು. ಹುದ್ದೆಯೆಂದರೆ ತಂಪು ಕೋಣೆ, ತಿರುಗುವ ಕುರ್ಚಿ, ಎದುರಿಗೆ ಒಬ್ಬನೇ ಒಬ್ಬ ವಿದ್ಯಾರ್ಥಿ ಇಲ್ಲ. ಅವರು ಫ್ಲೆಕ್ಸ್ ನೋಡುತ್ತಾರೆ, ಎಣಿಸುತ್ತಾರೆ, ಈ ಊರಲ್ಲಿ ಇದು ಗೊತ್ತಿದ್ದವರು ಯಾರು ಎಂದು ಕೇಳುತ್ತಾರೆ, ತಾವು ತಲೆ ತಗ್ಗಿಸಿ ನಿಲ್ಲುವುದು. ಮೇಷ್ಟ್ರು ಬ್ರೆಡ್ಡು ಮರೆತು ಮನೆಗೆ ಹೋದರು.

ಎರಡನೇ ಪಿರಿಯಡ್ಡು ಮುಗಿಸಿ ಮೆರ್ಲಿತಾಳ ಪ್ರಿಂಟಿಂಗ್ ಅಂಗಡಿಗೆ ಹೋದಾಗ ಫ್ಲೆಕ್ಸ್ ಆಗಲೇ ಯಂತ್ರದಿಂದ ಹೊರಬಿದ್ದು ನೆಲದ ಮೇಲೆ ಮಲಗಿತ್ತು. ಬಲಗಡೆ ಬಿಳಿ ಬಾರೊಂಗ್ ಅಂಗಿ ತೊಟ್ಟು ಕೈಕಟ್ಟಿ ನಿಂತ ರುಸ್ತಿಕೊ, ದೀಪಸ್ತಂಭದಷ್ಟು ಎತ್ತರ. ಎಡಗಡೆಯಿಂದ ಅವನ ಕಡೆಗೆ ಒಂದುಗಳ ಸಾಲು.

“ಏನ್ ಸರ್ ಇದು, ಬೇಲಿನಾ?” ಎಂದಳು ಮೆರ್ಲಿತಾ. “ಕಾಪಿತಾನ್ ಏನನ್ನೋ ಹಂಚ್ತಾರೆ ಅಂದ್ಕೊಂಡೆ. ಬೇಲಿ ಹಂಚ್ತಾರಾ?”

ಮೇಷ್ಟ್ರು ಬಗ್ಗಿ ಬೆರಳಿಟ್ಟು ಎಣಿಸಿದರು. ಹದಿನೆಂಟು. ಕನ್ನಡಕ ಒರೆಸಿಕೊಂಡು ಬಲದಿಂದ ಎಣಿಸಿದರು. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ, ಹದಿನೆಂಟು.

“ಇಂದಾಯ್, ಮಗಳೇ, ಒಂದು ಕಮ್ಮಿ ಇದೆಯಲ್ಲ.”

“ಕಮ್ಮಿ ಇಲ್ಲ ಸರ್. ಕಾಪಿತಾನರ ಮೊಣಕೈ ಹಿಂದೆ ಒಂದಿದೆ.”

“ಕಾಣ್ತಿಲ್ಲ.”

“ಹಿಂದೆ ಇದ್ದದ್ದು ಹೇಗೆ ಕಾಣುತ್ತೆ. ಕಂಪ್ಯೂಟರಲ್ಲಿ ನಾನೇ ಹಾಕಿದೀನಿ, ಹತ್ತೊಂಬತ್ತು. ಆಮೇಲೆ ಕಾಪಿತಾನ್ ಫೋನ್ ಮಾಡಿ, ನನ್ನನ್ನ ಸ್ವಲ್ಪ ದಪ್ಪ ಮಾಡು ಅಂದ್ರು. ಮಾಡಿದೆ. ಇದೆ ಸರ್, ಹಿಂದೆ ಇದೆ. ದೇವರು ಕಾಣ್ತಾನಾ? ಹಾಗೆ.”

ಇನ್ನೊಂದು ಅಚ್ಚು ಹಾಕು ಎಂದು ಮೇಷ್ಟ್ರು ಅನ್ನುವಷ್ಟರಲ್ಲಿ ಯಂತ್ರ ಉಸ್ಸೆಂದು ನಿಂತಿತು, ಫ್ಯಾನು ನಿಂತಿತು, ಬೀದಿಯ ಆಚೆ ಯಾರೋ ಹಾಡುತ್ತಿದ್ದ ಕ್ಯಾರಿಯೋಕೆಯೂ ಅರ್ಧ ಸಾಲಿನಲ್ಲಿ ಸತ್ತಿತು. ಕರೆಂಟು ಹೋಗಿತ್ತು. ಕಾಪಿತಾನನ ಕಡೆಯ ಇಬ್ಬರು ಬಂದು ಫ್ಲೆಕ್ಸನ್ನು ಚಾಪೆಯ ಹಾಗೆ ಸುತ್ತಿಕೊಂಡು ಹೋದರು.

ಮೇಷ್ಟ್ರು ಓಡಿದ್ದು ಕಾಪಿತಾನನ ಹಿತ್ತಲಿಗೆ. ಅಲ್ಲಿ ಸಂಜೆಯ ಊಟಕ್ಕೆ ಇಡೀ ಹಂದಿಯೊಂದು ಬಿದಿರು ಗಳುವಿನಲ್ಲಿ ಕೆಂಡದ ಮೇಲೆ ತಿರುಗುತ್ತಿತ್ತು. ತಿರುಗಿಸುವವರು ಇಬ್ಬರು, ಹೇಗೆ ತಿರುಗಿಸಬೇಕೆಂದು ಹೇಳುವವರು ಅರ್ಧ ಊರು.

“ಕಾಪಿತಾನ್, ಹದಿನೆಂಟೇ ಇದೆ. ಒಂದು ನಿಮ್ಮ ಮೊಣಕೈ ಹಿಂದೆ ಹೋಗಿದೆ.”

“ಹೋಗ್ಲಿ ಬಿಡಿ ಸರ್. ಹದಿನೆಂಟು ಇದೆಯಲ್ಲ. ಒಂದು ಹೆಚ್ಚು, ಒಂದು ಕಮ್ಮಿ.”

“ಹಾಗಲ್ಲ. ಹದಿನೆಂಟಾದ್ರೆ ಒಡೆದುಹೋಗುತ್ತೆ. ಏಳು ಒಡೆಯುತ್ತೆ, ಹನ್ನೊಂದು ಒಡೆಯುತ್ತೆ, ಹದಿಮೂರು ಒಡೆಯುತ್ತೆ. ಎಲ್ಲಕ್ಕಿಂತ ಮೊದ್ಲು ಮೂರು ಒಡೆಯುತ್ತೆ.”

ಹಂದಿ ತಿರುಗುವುದು ನಿಂತಿತು.

“ಯಾರು ಒಡೀತಾರೆ?” ಎಂದ ಕಾಪಿತಾನ್.

“ಮೂರು.”

ಕೆಂಡದ ಮೇಲೆ ಕೊಬ್ಬಿನ ಹನಿ ಬಿದ್ದು ಚುರ್ರೆಂದಿತು.

“ತೆರ್ಯೊ ನಿಮ್ಮನೆಗೆ ಬಂದು ಕಾಫಿ ಕುಡಿದು ಹೋದ್ನಾ ಸರ್?”

“ಅಯ್ಯೋ, ಮೂರು ಅಂದ್ರೆ ಸಂಖ್ಯೆ ಕಾಪಿತಾನ್. ಅಂಕಿಗಳನ್ನ ಕೂಡಿದ್ರೆ ಹದಿನೆಂಟು. ಹದಿನೆಂಟಕ್ಕೆ ಮೂರು ಹೋಗುತ್ತೆ. ಅದಕ್ಕೆ.”

“ಸಂಖ್ಯೆ ಅಂತ ನನಗೂ ಗೊತ್ತು. ಮತಪತ್ರದಲ್ಲಿ ಇರೋದೂ ಸಂಖ್ಯೆನೇ.” ಕಾಪಿತಾನ್ ಧ್ವನಿ ಇಳಿಸಿದ. ಧ್ವನಿ ಇಳಿಸಿದಾಗಲೇ ಅವನಿಗೆ ಹೆದರಬೇಕು. “ಬೆಳಿಗ್ಗೆ ಒಡೆಯೋನೇ ಹುಟ್ಟಿಲ್ಲ ಅಂದ್ರಿ. ಮಧ್ಯಾಹ್ನದೊಳಗೆ ಹುಟ್ಟಿ, ದೊಡ್ಡೋನಾಗಿ, ಚುನಾವಣೆಗೂ ನಿಂತ್ಬಿಟ್ಟ. ಹೆಂಗಾದ್ರೂ ಮಾಡಿ, ಸಂಜೆ ಒಳಗೆ ಸರಿ ಮಾಡಿ. ಆದ್ರೆ ನನ್ನನ್ನ ಸಣ್ಣ ಮಾಡ್ಬೇಡಿ.”

ತಲುಸಾನಿನಲ್ಲಿ ಮಾತು ಬಾಡಿಗೆ ಜೀಪ್ನಿಗಿಂತ ಬೇಗ ಓಡುತ್ತದೆ, ಮತ್ತು ಜೀಪ್ನಿಯ ಹಾಗೆಯೇ ದಾರಿಯುದ್ದಕ್ಕೂ ಹತ್ತಿಸಿಕೊಳ್ಳುತ್ತ ಓಡುತ್ತದೆ. ಮೇಷ್ಟ್ರು ಬಣ್ಣದ ಡಬ್ಬಿಯೊಂದನ್ನು ಹುಡುಕಿ ಹಿಡಿದುಕೊಂಡು ಮುಖ್ಯ ಬೀದಿಗೆ ಬರುವಷ್ಟರಲ್ಲಿ ತೆರ್ಯೊನ ಐಸ್ ಗಾಡಿ ಅವರ ಪಕ್ಕದಲ್ಲೇ ಬಂದು ನಿಂತಿತು.

“ಬನ್ನಿ ಸರ್, ಬಿಸಿಲು. ಎಲ್ಲಿಗೆ ಹೇಳಿ, ಬಿಡ್ತೀನಿ.”

ಬೇಡವೆಂದರೂ ಬಿಡದೆ ಐಸ್ ದಿಮ್ಮಿಯ ಮೇಲೆ ಒಂದು ಗೋಣಿ ಹಾಸಿ ಕೂರಿಸಿದ. ಗಾಡಿ ಹೊರಟಿತು. ಮೇಷ್ಟ್ರ ಕೆಳಭಾಗ ಒದ್ದೆಯಾಗತೊಡಗಿತು.

“ಮೂರು ಅವನನ್ನ ಒಡೆಯುತ್ತೆ ಅಂದ್ರಂತೆ,” ಎಂದ ತೆರ್ಯೊ, ಭಕ್ತಿಯಿಂದ.

“ಅವನನ್ನಲ್ಲ. ಸಂಖ್ಯೇನ.”

“ಆಯ್ತು ಸರ್, ಹಾಗೇ ಇಟ್ಕೊಳ್ಳೋಣ. ನೀವು ಸರ್ಕಾರಿ ನೌಕರರು, ಬಾಯಿ ಬಿಟ್ಟು ಹೇಳೋ ಹಾಗಿಲ್ಲ. ಪೂರ್ತಿ ಒಡೆಯುತ್ತಾ?”

“ಸಮನಾಗಿ. ಶೇಷ ಉಳಿಯಲ್ಲ.”

“ಶೇಷ ಉಳಿಯಲ್ಲ.” ತೆರ್ಯೊನ ಕಣ್ಣು ತೇವವಾಯಿತು. “ನನ್ನ ಹೆಂಡತಿ ಕೂಡ ಇಷ್ಟು ಭರವಸೆ ಕೊಟ್ಟಿಲ್ಲ ಸರ್.”

ಶಾಲೆಯ ಗೇಟಿನಲ್ಲಿ ಇಳಿದಾಗ ಮೇಷ್ಟ್ರ ಪ್ಯಾಂಟಿನ ಹಿಂಭಾಗ ನೆನೆದು ನೀರು ತೊಟ್ಟಿಕ್ಕುತ್ತಿತ್ತು. ಕಂಡವರೆಲ್ಲ ಅದಕ್ಕೆ ತಮಗೆ ತೋಚಿದ ಕಾರಣ ಕೊಟ್ಟುಕೊಂಡರು.

ಫ್ಲೆಕ್ಸ್ ಆಗಲೇ ಅಂಕಣದ ಮುಂದೆ ಎರಡು ಕಂಬಗಳ ನಡುವೆ ಏರಿತ್ತು. ಎಡತುದಿಯ ಒಂದು ಹೆಚ್ಚುಕಡಿಮೆ ಹಗ್ಗದ ತೂತಿಗೇ ತಾಗಿಕೊಂಡಿತ್ತು. ಅಲ್ಲಿ ಇನ್ನೊಂದು ಬರೆಯಲು ಜಾಗ ಕಾಣಲಿಲ್ಲ. ಉಳಿದದ್ದು ಕಾಪಿತಾನನ ಬಿಳಿ ತೋಳು. ಮೇಷ್ಟ್ರು ಏಣಿ ತಂದರು, ಕಪ್ಪು ಬಣ್ಣದ ಡಬ್ಬಿಯನ್ನು ಏಣಿಗೆ ಕಟ್ಟಿದರು, ಉಸಿರು ಬಿಗಿಹಿಡಿದು ಮೊಣಕೈಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದರು. ಚೆನ್ನಾಗಿಯೇ ಬಂತು. ದೂರದಿಂದ ನೋಡಿದರೆ ಬಾರೊಂಗಿನ ಕಸೂತಿಯ ಹಾಗೆಯೇ ಇತ್ತು. ಹತ್ತೊಂಬತ್ತು.

ಆ ಹೊತ್ತಿಗೆ ಕರೆಂಟು ಬಂತು. ಪರೀಕ್ಷೆಗೆಂದು ಹಚ್ಚಿಟ್ಟು ಮರೆತಿದ್ದ ಧ್ವನಿವರ್ಧಕ ಮೇಷ್ಟ್ರ ಕಿವಿಯ ಪಕ್ಕದಲ್ಲೇ ಕತ್ತು ಹಿಚುಕಿದ ಹುಂಜದ ಹಾಗೆ ಕಿರುಚಿತು. ಏಣಿ ಅಲುಗಿತು. ಕುಂಚ ಮೊಣಕೈಯಿಂದ ಮೇಲೆದ್ದು ಕಾಪಿತಾನನ ಕೆನ್ನೆಯ ಮೇಲೆ ಹಾದು ಕಿವಿಯವರೆಗೆ ಹೋಯಿತು.

“ಬನ್ನಿ ನೋಡ್ಬನ್ನಿ,” ಎಂದು ಗೇಟಿನ ಬಳಿ ಬಾಳೆಹಣ್ಣಿನ ಬಜ್ಜಿ ಮಾರುವವಳು ಕೂಗಿದಳು. “ಸರ್ ಕಾಪಿತಾನರ ಮುಖಕ್ಕೆ ಮಸಿ ಬಳೀತಿದಾರೆ.”

ಜನ ಸೇರುವುದಕ್ಕೆ ಎಷ್ಟು ಹೊತ್ತು. ಕುರ್ಚಿ ಹಾಕುತ್ತಿದ್ದವರು ಕುರ್ಚಿ ಸಮೇತ ಬಂದರು. ಅವರ ಹಿಂದೆ ಕೈಗೆ ಹಂದಿಯ ಜಿಡ್ಡು ಹತ್ತಿದ್ದ ಕಾಪಿತಾನನೂ ಬಂದ. ಫ್ಲೆಕ್ಸ್ ನೋಡಿದ, ಏಣಿ ನೋಡಿದ, ಒದ್ದೆ ಪ್ಯಾಂಟು ನೋಡಿದ.

“ಐಸ್ ಗಾಡೀಲಿ ಬಂದ್ರಂತೆ,” ಎಂದ ಮೆಲ್ಲಗೆ. “ಮೊದ್ಲು ಮೂರು ಒಡೆಯುತ್ತೆ ಅಂದ್ರಿ. ಆಮೇಲೆ ಮಸಿ. ಇದೆಲ್ಲಾ ಈ ಸಂಖ್ಯೆ ಜೊತೇನೇ ನೀವು ಯೋಚ್ನೆ ಮಾಡಿದ್ದಾ? ಅದಕ್ಕೇ ಇದನ್ನ ನನ್ನ ತಲೆಗೆ ಕಟ್ಟಿದ್ರಾ?”

ಏಣಿಯ ಕೆಳಗೆ ಐದಾರು ಜನ ಗಟ್ಟಿಮುಟ್ಟಾದವರು ನಿಂತಿದ್ದರು. ಒಬ್ಬ ಆಗಲೇ ಏಣಿಯ ಕಾಲು ಹಿಡಿದಿದ್ದ. ಭದ್ರಕ್ಕೋ, ಎಳೆಯುವುದಕ್ಕೋ ಹೇಳಲಾಗದು. ಮೇಷ್ಟ್ರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದರು.

“ನಮ್ಮಮ್ಮನಾಣೆ ಕಾಪಿತಾನ್,” ಮೇಲಿನಿಂದಲೇ ಕೂಗಿ ಹೇಳಿದರು. “ಈ ಸಂಖ್ಯೆಗೂ ನನಗೂ ಸಂಬಂಧ ಇಲ್ಲ. ಇದು ಪೂರ್ತಿ ನಿಮ್ಮ ತಲೆಯಿಂದ ಬಂದದ್ದು. ನಾನು ಒರೆಸೋಕೆ ಬಂದೋನು.”

“ಎಲ್ಲಾರೂ ಕೇಳಿಸ್ಕೊಂಡ್ರಾ?” ಕಾಪಿತಾನ್ ಜನರ ಕಡೆ ತಿರುಗಿದ.

ಎಲ್ಲರೂ ಕೇಳಿಸಿಕೊಂಡಿದ್ದರು. ಮೇಷ್ಟ್ರು ಇನ್ನೊಮ್ಮೆ ಆಣೆ ಹಾಕಬೇಕಾಯಿತು, ಹಿಂದೆ ನಿಂತವರಿಗಾಗಿ.

ಸೀಮೆಎಣ್ಣೆ ಹಾಕಿ ಕೆನ್ನೆ ಉಜ್ಜಿದಾಗ ಮಸಿಯ ಜೊತೆಗೆ ಕಣ್ಣಿನ ಕೆಳಗಿನ ಸುಕ್ಕು, ಗದ್ದದ ನೆರಳು, ಒಂದು ನರಹುಲಿ ಎಲ್ಲ ಅಳಿಸಿಹೋಯಿತು. ಕಾಪಿತಾನ್ ಹಿಂದೆ ಸರಿದು ನೋಡಿ, “ಇನ್ನೊಂದು ಕಡೆನೂ ಹಾಗೇ ಮಾಡಿ,” ಎಂದ. ತೋಳಿನ ಮೇಲಿನ ಒಂದು ಹಾಗೇ ಉಳಿಯಿತು. ಮೇಷ್ಟ್ರು ಮನೆಗೆ ಹೋಗಿ ಪ್ಯಾಂಟು ಬದಲಿಸಿ, ಇಸ್ತ್ರಿಯ ಬಿಳಿ ಅಂಗಿ ಹಾಕಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದರು. ಸಂಖ್ಯೆ ಗಟ್ಟಿಯಾಗಿದೆ, ಉಳಿದದ್ದನ್ನು ಡಾಕ್ಟರ್ ಹಲಂದೋನಿಯ ಕಣ್ಣು ನೋಡಿಕೊಳ್ಳುತ್ತದೆ ಎಂದುಕೊಂಡರು.

ಅಂಕಣದಲ್ಲಿ ಜನ ತುಂಬಿದ್ದರು. ಅಭ್ಯಾಸಬಲದಿಂದ ಮೇಷ್ಟ್ರು ಫ್ಲೆಕ್ಸಿನ ಒಂದುಗಳನ್ನು ಇನ್ನೊಮ್ಮೆ ಎಣಿಸಿದರು. ಇಪ್ಪತ್ತು.

ಫ್ಲೆಕ್ಸಿನ ಪಕ್ಕದಲ್ಲೇ ಮೆರ್ಲಿತಾ ತೃಪ್ತಿಯಿಂದ ನಿಂತಿದ್ದಳು. “ಕರೆಂಟು ಬಂತಲ್ಲ ಸರ್. ನೀವು ಬೆಳಿಗ್ಗೆ ಮುಖ ಸಣ್ಣ ಮಾಡ್ಕೊಂಡು ಹೋದ್ರಿ, ನನಗೆ ಸಂಕಟ ಆಯ್ತು. ಸ್ಟಿಕರಲ್ಲಿ ಒಂದು ಅಚ್ಚು ಹಾಕಿ, ಹಗ್ಗದ ತೂತಿನ ಮೇಲೇ ಅಂಟಿಸ್ಬಿಟ್ಟೆ. ದುಡ್ಡು ಬೇಡ.”

“ಇಂದಾಯ್, ಇಪ್ಪತ್ತಾಯ್ತಲ್ಲ. ಇಪ್ಪತ್ತಾದ್ರೆ ಹನ್ನೊಂದು ಒಡೆಯುತ್ತೆ, ನಲವತ್ತೊಂದು ಒಡೆಯುತ್ತೆ.”

“ಸರ್, ನಿಮ್ಮ ಸಂಖ್ಯೆನ ಒಡೆಯೋಕೆ ಇಡೀ ಊರೇ ಕಾಯ್ತಿದೆಯಾ?” ಎಂದು ಮೆರ್ಲಿತಾ ಬೇಸರಪಟ್ಟು ಹೋಗಿ ಕೂತಳು.

ಹೊರಗೆ ಕಾರಿನ ಸದ್ದಾಯಿತು. ಮೇಷ್ಟ್ರು ಕುರ್ಚಿ ಹತ್ತಿ ಸ್ಟಿಕರ್ ಕಿತ್ತರು. ಅದು ಎಡಗೈಗೆ ಅಂಟಿತು. ಬಲಗೈಯಿಂದ ಬಿಡಿಸಿದರು, ಬಲಗೈಗೆ ಅಂಟಿತು. ಡಾಕ್ಟರ್ ಹಲಂದೋನಿ ಕೈಕುಲುಕುತ್ತ ಸಾಲಿನಲ್ಲಿ ಬರುತ್ತಿದ್ದರು. ಮೇಷ್ಟ್ರು ಗಡಿಬಿಡಿಯಲ್ಲಿ ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದರು. ಕೈ ಶುದ್ಧವಾಗಿತ್ತು. ಅಂಗೈಯಗಲದ ಕಪ್ಪು ಒಂದು ಎದೆಯ ಜೇಬಿನ ಮೇಲೆ ನೆಟ್ಟಗೆ ನಿಂತಿತ್ತು.

ಡಾಕ್ಟರ್ ಹಲಂದೋನಿ ಅದನ್ನು ನೋಡಿ ಮುಂದೆ ಹೋದರು. ವೇದಿಕೆ ಹತ್ತುವ ಮುನ್ನ ಫ್ಲೆಕ್ಸಿನ ಎದುರು ನಿಂತರು. ಅವರ ತುಟಿ ಅಲುಗುತ್ತಿದ್ದದ್ದು ಮೇಷ್ಟ್ರಿಗೆ ಕಾಣಿಸಿತು. ತೋಳಿನ ಮೇಲಿನದಕ್ಕೆ ಬಂದಾಗ ಕ್ಷಣ ತಡೆದು, ಅದನ್ನೂ ಸೇರಿಸಿಕೊಂಡರು.

“ಹತ್ತೊಂಬತ್ತು,” ಎಂದರು. ಅವರ ಮುಖ ಅರಳಿತು. “ಬರೀ ಒಂದುಗಳಿಂದಾದ ಅವಿಭಾಜ್ಯ. ಎಷ್ಟು ಶಾಲೆ ಸುತ್ತಿದೀನಿ, ಇದನ್ನ ಗೋಡೆ ಮೇಲೆ ಬರೆದೋರನ್ನ ಕಂಡಿರ್ಲಿಲ್ಲ. ಯಾರದಿದು?”

ಮೇಷ್ಟ್ರು ತಲೆ ತಗ್ಗಿಸಿ ಒಂದು ಹೆಜ್ಜೆ ಮುಂದಿಟ್ಟರು.

“ಕಾಪಿತಾನರದು,” ಎಂದಳು ಬಜ್ಜಿಯವಳು. “ಕಾಪಿತಾನರದೇ,” ಎಂದರು ಕುರ್ಚಿಯವರು. “ಸರ್ ಅಮ್ಮನಾಣೆ ಹಾಕಿ ಹೇಳಿದಾರೆ, ಎರಡೆರಡು ಸಲ.”

“ಸ್ವಲ್ಪ ಹಾಗೇ ಹೊಳೀತು ಮ್ಯಾಡಮ್,” ಎಂದ ರುಸ್ತಿಕೊ ನಾಚಿಕೊಂಡು. “ಹಿಂದಿನಿಂದ ಓದಿದ್ರೂ ಅದೇ, ಮುಂದಿನಿಂದ ಓದಿದ್ರೂ ಅದೇ. ನಾನೂ ಹಂಗೇ.”

ಡಾಕ್ಟರ್ ಹಲಂದೋನಿ ಚಪ್ಪಾಳೆ ತಟ್ಟಿದರು. ಅದನ್ನು ನೋಡಿ ಸಹಿಸಲಾರದೆ ಹಿಂದಿನ ಸಾಲಿನಿಂದ ತೆರ್ಯೊ ಎದ್ದು ನಿಂತ.

“ಮ್ಯಾಡಮ್, ಮೋಸ ಹೋಗ್ಬೇಡಿ. ಆ ಸಂಖ್ಯೆನ ಮೂರು ಒಡೆಯುತ್ತೆ. ಶೇಷ ಕೂಡ ಉಳಿಯಲ್ಲ. ನಾನು ಹೇಳ್ತಿಲ್ಲ, ನಿಮ್ಮ ಲೆಕ್ಕದ ಮೇಷ್ಟ್ರೇ ಹೇಳಿದಾರೆ.”

ಡಾಕ್ಟರ್ ಹಲಂದೋನಿ ನಿಧಾನವಾಗಿ ತಿರುಗಿದರು. “ನೀವು ಹಾಗಂದ್ರಾ?”

“ಅಂದೆ ಮ್ಯಾಡಮ್. ಆದ್ರೆ ಅದು ಹದಿನೆಂಟಿಗೆ.”

“ಇಲ್ಲಿ ಹತ್ತೊಂಬತ್ತಿದೆ.”

“ಈಗ ಇದೆ. ಬೆಳಿಗ್ಗೆ ಹದಿನೆಂಟಿತ್ತು.”

“ಇನ್ನೊಂದು ಎಲ್ಲಿತ್ತು?”

“ಮೊಣಕೈ ಹಿಂದೆ.”

ಅಂಕಣದ ತಗಡಿನ ಮಾಡು ನಗುವಿಗೆ ಗಡಗಡ ಅಂದಿತು. ಮೇಷ್ಟ್ರು ಮೆರ್ಲಿತಾಳ ಕಡೆ ನೋಡಿದರು. ಅವಳು ಇನ್ನೂ ಬೇಸರದಲ್ಲಿದ್ದಳು.

“ನಡುವೆ ಇಪ್ಪತ್ತೂ ಆಗಿತ್ತು ಮ್ಯಾಡಮ್,” ಎಂದರು ಮೇಷ್ಟ್ರು, ಸತ್ಯ ಹೇಳಿದರೆ ಉಳಿದೇನೆಂಬ ಆಸೆಯಿಂದ.

“ಎದೆ ಮೇಲೆ ಒಂದು, ಬಾಯಲ್ಲಿ ಮೂರು,” ಎಂದರು ಡಾಕ್ಟರ್ ಹಲಂದೋನಿ. “ರಾಜಕೀಯ ನನಗೆ ಬೇಡ, ಅದನ್ನ ನೋಡೋಕೆ ಬೇರೆ ಕಚೇರಿ ಇದೆ. ಆದ್ರೆ ಲೆಕ್ಕ ನನ್ನದು. ಇಷ್ಟು ವರ್ಷ ಪಾಠ ಹೇಳಿದೋರಿಗೆ ಭಾಗಾಕಾರದ ನಿಯಮ ತಿಳೀದೆ ಇದ್ರೆ ಮಕ್ಕಳ ಗತಿಯೇನು? ಸೋಮವಾರದಿಂದ ಪೇಟೆ ಕಚೇರೀಲಿ ತರಬೇತಿ ಇದೆ, ನಾಲ್ಕನೇ ಕ್ಲಾಸಿನ ಮೇಷ್ಟ್ರುಗಳಿಗೆ. ನೀವೂ ಬನ್ನಿ. ಮೂರರಿಂದ ಭಾಗಿಸೋದು ಹೇಗೆ ಅನ್ನೋದರಿಂದಲೇ ಶುರು.” ಆಮೇಲೆ ರುಸ್ತಿಕೊನ ಕಡೆ ತಿರುಗಿ, “ಕಾಪಿತಾನ್, ತರಬೇತಿ ಉದ್ಘಾಟನೆಗೆ ನೀವು ಬಂದು ಎರಡು ಮಾತು ಆಡ್ಬೇಕು. ಅವಿಭಾಜ್ಯಗಳ ಮೇಲೆ,” ಎಂದರು.

ಊಟದ ಹೊತ್ತಿಗೆ ಕಾಪಿತಾನ್ ತಾನೇ ಒಂದು ತಟ್ಟೆಯಲ್ಲಿ ಹಂದಿಮಾಂಸ, ಗರಿಗರಿ ಚರ್ಮದ ಒಳ್ಳೆಯ ತುಂಡು ನೋಡಿ ಹಾಕಿಸಿಕೊಂಡು ಬಂದು ಮೇಷ್ಟ್ರ ಪಕ್ಕದಲ್ಲಿ ಕೂತ. ಮೇಷ್ಟ್ರು ಜೇಬಿನ ಮೇಲಿನ ಒಂದನ್ನು ಕೆರೆದು ಕೆರೆದು ಅಂಗಿಯ ದಾರ ಎಬ್ಬಿಸಿದ್ದರು.

“ಬೇಜಾರ್ ಮಾಡ್ಕೋಬೇಡಿ ಸರ್. ನಾನೂ ಬರ್ತೀನಲ್ಲ, ಜೀಪ್ನೀಲಿ ಒಟ್ಟಿಗೆ ಹೋಗೋಣ.” ತಟ್ಟೆ ಅವರ ಕಡೆಗೆ ಸರಿಸಿದ. “ಆ ಭಾಷಣ ಒಂಚೂರು ಬರ್ಕೊಡಿ. ತೀರಾ ಸುಲಭವಾಗಿ ಬರೀರಿ. ಅಲ್ಲಿ ಕೇಳೋಕೆ ಕೂರೋರೆಲ್ಲ ಲೆಕ್ಕದಲ್ಲಿ ಸ್ವಲ್ಪ ಹಿಂದೆ ಅಂತೆ.”